ಮಗು ಬಾಯಿಬಿಟ್ಟ ಮೇಲೆ: ಓದುಗರ ಪ್ರಶ್ನೆ, ಸಮಾಜ ಕಾರ್ಯಕರ್ತರ ಉತ್ತರ

ಲೈಂಗಿಕ ದೌರ್ಜನ್ಯಕ್ಕೆ, ಹೊಡೆತ ಬಡಿತಕ್ಕೆ ಸಿಕ್ಕ ಮಕ್ಕಳ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಉತ್ತರಿಸಿರುವವರು ಮಕ್ಕಳ ಮನೋವೈದ್ಯಕೀಯ ವಿಭಾಗದಲ್ಲಿ ಮತ್ತು ಮಕ್ಕಳ ರಕ್ಷಣಾ ವ್ಯವಸ್ಥೆಯಲ್ಲಿ ದುಡಿಯುವ ಸಮಾಜ ಕಾರ್ಯಕರ್ತರು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಮಗುವಿನ ಹೆಸರಷ್ಟೇ ಅಲ್ಲ, ಮನೆ, ಶಾಲೆ, ನೆರೆಹೊರೆ, ಕುಟುಂಬ, ಹೀಗೆ ಗುರುತು ಸಿಗುವ ಯಾವ ವಿವರವನ್ನೂ ಅಚ್ಚು ಹಾಕುವಂತಿಲ್ಲ. ಆದ್ದರಿಂದ ಪತ್ರಗಳಲ್ಲಿದ್ದ ಊರು ತೆಗೆದಿದ್ದೇವೆ, ವಯಸ್ಸು ಮತ್ತು ಸಂಬಂಧಗಳನ್ನು ಬದಲಿಸಿದ್ದೇವೆ.

ನಮ್ಮದು ಕೂಡು ಕುಟುಂಬ. ಎಂಟು ವರ್ಷದ ಮಗಳು ಮೊನ್ನೆ ರಾತ್ರಿ ಮಲಗುವಾಗ, ‘ಚಿಕ್ಕಪ್ಪ ಮುಟ್ಟಬಾರದ ಕಡೆ ಮುಟ್ತಾನೆ, ಅಮ್ಮನಿಗೆ ಹೇಳಬೇಡ ಅಂದಿದ್ದಾನೆ’ ಅಂದಳು. ನನಗೆ ಕೈಕಾಲೇ ಆಡಲಿಲ್ಲ. ಯಜಮಾನರು ‘ಗಲಾಟೆ ಬೇಡ, ಅವನನ್ನು ಬೇರೆ ಊರಿಗೆ ಕಳಿಸಿದರಾಯ್ತು’ ಅನ್ನುತ್ತಾರೆ. ಮಗಳ ಹತ್ತಿರ ಇನ್ನೂ ಏನೇನು ಕೇಳಬೇಕು? ಮುಂದೇನು ಮಾಡಬೇಕು?

ಕೇಳುವುದು ಕಡಿಮೆ ಇರಲಿ. ಹೇಳಬೇಕಾದ್ದು ಮೂರು ಮಾತು: ‘ನನಗೆ ಹೇಳಿದ್ದು ಒಳ್ಳೇದಾಯ್ತು. ನಿನ್ನ ಮಾತು ನಂಬ್ತೀನಿ. ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ.’ ಮೊನ್ನೆ ಹೇಳಲು ಆಗದಿದ್ದರೆ ಇವತ್ತು ಹೇಳಿ, ತಡವಾಗಿಲ್ಲ. ‘ಯಾರಿಗೂ ಹೇಳಲ್ಲ’ ಎಂದು ಮಾತ್ರ ಮಾತು ಕೊಡಬೇಡಿ. ಆ ಮಾತನ್ನು ನೀವು ಉಳಿಸಿಕೊಳ್ಳಲಾರಿರಿ, ಮಗುವಿನ ಪಾಲಿಗೆ ಅದು ಇನ್ನೊಬ್ಬ ದೊಡ್ಡವರು ಮಾಡಿದ ಮೋಸವಾಗುತ್ತದೆ. ‘ಅವನನ್ನು ಜೈಲಿಗೆ ಹಾಕಿಸ್ತೀನಿ’ ಎಂದು ಮಗುವಿನ ಮುಂದೆ ಕೂಗಾಡುವುದೂ ಬೇಡ. ಅದೇ ಚಿಕ್ಕಪ್ಪ ಅವಳಿಗೆ ಚಾಕೊಲೇಟ್ ತಂದುಕೊಟ್ಟಿರುತ್ತಾನೆ, ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿರುತ್ತಾನೆ. ತನ್ನಿಂದ ಅವನಿಗೆ ಕೇಡಾಯಿತು ಅನ್ನಿಸಿದರೆ ಮಗು ಮತ್ತೆ ಬಾಯಿ ಮುಚ್ಚಿಕೊಳ್ಳುತ್ತದೆ.

ನಿಮಗೆ ತಕ್ಷಣ ಗೊತ್ತಾಗಬೇಕಾದ ಸಂಗತಿಗಳು ಮೂರೇ: ಈಗ ಎಲ್ಲಾದರೂ ನೋವಿದೆಯೇ, ಕೊನೆಯ ಸಲ ಯಾವಾಗ ಆಯಿತು, ಈಗ ಯಾರ ಹತ್ತಿರ ಇರಲು ಹೆದರಿಕೆ. ಅದಕ್ಕಿಂತ ಹೆಚ್ಚಿಗೆ ಅವಳಾಗಿ ಹೇಳಿದರೆ ‘ಹ್ಞೂಂ, ಆಮೇಲೆ?’ ಅಂದರೆ ಸಾಕು. ‘ಹೀಗೆ ಮಾಡಿದನಾ, ಇಲ್ಲಿ ಮುಟ್ಟಿದನಾ’ ಎಂದು ನೀವೇ ಉತ್ತರ ಇಟ್ಟು ಕೇಳಬೇಡಿ. ಮಗು ಹೆದರಿಕೆಗೋ ನಿಮ್ಮನ್ನು ಸಮಾಧಾನ ಮಾಡಲೋ ಹೌದು ಅಂದುಬಿಡಬಹುದು. ಮುಂದೆ ಕೋರ್ಟಿನಲ್ಲಿ ‘ತಾಯಿ ಹೇಳಿಕೊಟ್ಟಿದ್ದಾಳೆ’ ಎಂಬ ವಾದ ಹುಟ್ಟುವುದು ಇಲ್ಲಿಂದಲೇ. ‘ಇಷ್ಟು ದಿನ ಯಾಕೆ ಹೇಳಲಿಲ್ಲ?’ ಎಂದು ಯಾರೂ, ಯಾವತ್ತೂ ಕೇಳಕೂಡದು. ಅಜ್ಜಿಗೊಂದು ಸಲ, ಅತ್ತೆಗೊಂದು ಸಲ ಅವಳಿಂದ ಹೇಳಿಸುವುದೂ ಬೇಡ. ಅವಳು ಮಲಗಿದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಸಮಯ, ಅವಳು ಆಡಿದ ಮಾತು, ನೀವು ಕೊಟ್ಟ ಉತ್ತರ ಬರೆದಿಡಿ. ಅಂಗಾಂಗಕ್ಕೆ ಅವಳು ಬಳಸುವ ಮನೆಮಾತು ಯಾವುದೋ ಅದೇ ಇರಲಿ, ತಿದ್ದಬೇಡಿ.

ಇವತ್ತಿನಿಂದಲೇ ಅವನು ಮತ್ತು ಮಗು ಒಟ್ಟಿಗೆ ಇರುವ ಪ್ರಸಂಗ ಬರಕೂಡದು. ಮಲಗುವ ಜಾಗ, ಸ್ನಾನ, ಶಾಲೆಗೆ ಬಿಟ್ಟು ಕರೆತರುವುದು, ನೀವು ಅಡುಗೆಯಲ್ಲಿರುವ ಹೊತ್ತು, ಒಂದೊಂದನ್ನೂ ಯೋಚಿಸಿ. ಮನೆ ಬಿಡಬೇಕಾದವನು ಅವನು, ಮಗುವಲ್ಲ. ಮಗುವನ್ನೇ ಅಜ್ಜಿ ಮನೆಗೆ ಕಳಿಸಿದರೆ ಶಿಕ್ಷೆ ತನಗಾಯಿತು ಎಂದುಕೊಳ್ಳುತ್ತಾಳೆ. ಪೊಲೀಸರಿಗೆ ತಿಳಿಸುವ ಮುಂಚೆ ಅವನನ್ನು ಹಿಡಿದು ಕೇಳಲು ಹೋಗಬೇಡಿ. ಹಾಗೆ ಕೇಳಿದ ರಾತ್ರಿಯೇ ಫೋನಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ, ಮಗುವಿನ ಮೇಲೆ ಒತ್ತಡ ಶುರುವಾಗುತ್ತದೆ. ಫೋಟೊ, ವಿಡಿಯೊ ಏನಾದರೂ ಕಂಡರೆ ಅಳಿಸಲೂಬೇಡಿ, ಯಾರಿಗೂ ಕಳಿಸಲೂಬೇಡಿ. ಅಂಥದ್ದನ್ನು ಮುಂದಕ್ಕೆ ಕಳಿಸುವುದೇ ಅಪರಾಧ. ಫೋನನ್ನು ಹಾಗೆಯೇ ಪೊಲೀಸರಿಗೆ ಕೊಡಿ.

ಇನ್ನು ನಿಮ್ಮ ಯಜಮಾನರ ಸಲಹೆ. ಬೇರೆ ಊರಿಗೆ ಕಳಿಸಿದವನು ಯುಗಾದಿಗೆ ಬರುತ್ತಾನೆ, ಮದುವೆಗೆ ಬರುತ್ತಾನೆ. ಅದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾನೆ, ಮಗು ಅವನ ಎಲೆಗೆ ನೀರು ಬಡಿಸಬೇಕಾಗುತ್ತದೆ. ಹೇಳಿಯೂ ಪ್ರಯೋಜನವಾಗಲಿಲ್ಲ ಎಂಬುದನ್ನು ಅವಳು ಅಲ್ಲಿ ಕಲಿಯುತ್ತಾಳೆ. ಆ ಬೇರೆ ಊರಿನಲ್ಲೂ ಮಕ್ಕಳಿದ್ದಾರೆ. ಕಾನೂನಿನ ಮಾತು ಬೇರೆ: 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಇಂಥ ಅಪರಾಧ ಗೊತ್ತಾದ ಯಾರೇ ಆಗಲಿ, ತಂದೆ ತಾಯಿಯೂ ಸೇರಿ, ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 21ನೇ ಸೆಕ್ಷನ್ನಿನಡಿ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಹತ್ತಿರದ ಠಾಣೆ, 112, ಅಥವಾ ಮಕ್ಕಳ ಸಹಾಯವಾಣಿ 1098, ಯಾವುದಾದರೂ ಸರಿ.

ನಿಮ್ಮ ಯಜಮಾನರು ಕೆಟ್ಟವರೆಂದು ನಾವು ಭಾವಿಸಿಲ್ಲ. ಅಪ್ಪನಾಗಿ ಒಂದು ಮನಸ್ಸು, ಒಡಹುಟ್ಟಿದವನಾಗಿ ಇನ್ನೊಂದು ಮನಸ್ಸು ಅವರನ್ನು ಎಳೆಯುತ್ತಿದೆ. ಇಂಥ ಅಪ್ಪಂದಿರನ್ನು ನಾವು ಬೇರೆಯಾಗಿ ಕೂರಿಸಿ ಮಾತಾಡುತ್ತೇವೆ, ಅಳುವುದಕ್ಕೂ ಅವಕಾಶ ಕೊಡುತ್ತೇವೆ. ಮಗು ಎಷ್ಟು ಬೇಗ ಚೇತರಿಸಿಕೊಳ್ಳುತ್ತದೆ ಎಂಬುದು ಬಹುಪಾಲು ನಿಂತಿರುವುದು ಮನೆಯಲ್ಲಿ ಅದನ್ನು ನಂಬಿ ಜತೆಗೆ ನಿಲ್ಲುವ ಹಿರಿಯರ ಮೇಲೆ. ನಿಮಗೇ ನಿದ್ದೆ ಬರದಿದ್ದರೆ, ಎದೆ ಹೊಡೆದುಕೊಳ್ಳುತ್ತಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ನಾನು ಪ್ರೌಢಶಾಲಾ ಶಿಕ್ಷಕಿ. ಒಂಬತ್ತನೇ ತರಗತಿಯ ಹುಡುಗಿ ಕನ್ನಡ ನೋಟ್ಸಿನ ಕೊನೆಯ ಹಾಳೆಯಲ್ಲಿ, ನಮ್ಮ ಶಾಲೆಯಲ್ಲೇ ಕೆಲಸ ಮಾಡುವ ಒಬ್ಬರ ಬಗ್ಗೆ ಬರೆದು ನನಗೆ ಕೊಟ್ಟಿದ್ದಾಳೆ. ಮುಖ್ಯೋಪಾಧ್ಯಾಯರು ‘ಮೊದಲು ಒಳಗೇ ವಿಚಾರಣೆ ಮಾಡೋಣ, ಸುಳ್ಳಾದರೆ ಶಾಲೆ ಹೆಸರು ಏನಾಗಬೇಕು’ ಅನ್ನುತ್ತಾರೆ.

ಒಳಗಿನ ವಿಚಾರಣೆ ಮುಗಿಯಲಿ ಎಂದು ಕಾಯಲು ಕಾಯ್ದೆಯಲ್ಲಿ ಅವಕಾಶವಿಲ್ಲ. ನಿಜವೋ ಸುಳ್ಳೋ ನೋಡುವುದು ಪೊಲೀಸರ ಮತ್ತು ವಿಶೇಷ ನ್ಯಾಯಾಲಯದ ಕೆಲಸ. ನಿಮ್ಮ ಕೆಲಸ ತಿಳಿಸುವುದು. ತನ್ನ ಕೈಕೆಳಗಿನ ನೌಕರ ಎಸಗಿದ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡವಿದೆ. ಇದನ್ನು ನಿಮ್ಮ ಮುಖ್ಯೋಪಾಧ್ಯಾಯರಿಗೆ ಸೌಜನ್ಯದಿಂದಲೇ ಹೇಳಿ. ಅವರು ಒಪ್ಪದಿದ್ದರೆ ನೀವೊಬ್ಬರೇ ದೂರು ಕೊಡಬಹುದು, ಯಾರ ಅನುಮತಿಯೂ ಬೇಕಿಲ್ಲ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಹೊಣೆ ಬರುವುದಿಲ್ಲ ಎಂದು 19ನೇ ಸೆಕ್ಷನ್ನೇ ಹೇಳುತ್ತದೆ.

ದೂರು ಒಂದು ಪುಟ ಇದ್ದರೆ ಸಾಕು. ಹುಡುಗಿಯ ಹೆಸರು, ವಯಸ್ಸು, ಅವಳು ಯಾವ ದಿನ ಎಷ್ಟು ಹೊತ್ತಿಗೆ ನಿಮಗೆ ಪುಸ್ತಕ ಕೊಟ್ಟಳು, ಆಗ ಏನು ಹೇಳಿದಳು, ನೀವು ಯಾರಿಗೆ ತಿಳಿಸಿದಿರಿ. ‘ದುರ್ವರ್ತನೆ ತೋರಿದ್ದಾರೆ’ ಎಂಬ ಕಚೇರಿ ಭಾಷೆ ಬೇಡ, ಅವಳ ವಾಕ್ಯವನ್ನೇ ಇಳಿಸಿ. ಠಾಣೆಯಲ್ಲಿ ದೂರಿಗೆ ನಮೂದು ಸಂಖ್ಯೆ ಹಾಕಿ, ಬರೆದುಕೊಂಡದ್ದನ್ನು ನಿಮಗೆ ಓದಿ ಹೇಳಬೇಕು. ಆ ಸಂಖ್ಯೆ ಬರೆದುಕೊಂಡು ಬನ್ನಿ. ನೋಟ್ಸಿನ ಹಾಳೆ ಹರಿಯಬೇಡಿ, ಇಡೀ ಪುಸ್ತಕವನ್ನೇ ಕೊಡಿ. ಅದರ ಫೋಟೊ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹೋದರೆ 23ನೇ ಸೆಕ್ಷನ್ನಿನ ಉಲ್ಲಂಘನೆಯಾದೀತು.

ಠಾಣೆಗೆ ಹೋಗುವ ಮುಂಚೆ ಹುಡುಗಿಗೆ ಹೇಳಲೇಬೇಕು. ‘ಇದನ್ನು ನಾನೊಬ್ಬಳೇ ಇಟ್ಟುಕೊಳ್ಳೋಕೆ ಆಗಲ್ಲಮ್ಮ. ಸಹಾಯ ಮಾಡೋರಿಗೆ ಹೇಳ್ಬೇಕು. ಯಾರಿಗೆ, ಯಾವಾಗ ಹೇಳ್ತೀನಿ ಅಂತ ಮೊದಲು ನಿನಗೇ ತಿಳಿಸ್ತೀನಿ.’ ಹದಿನಾಲ್ಕರ ಹುಡುಗಿಗೆ ಇಷ್ಟು ಹೇಳದೆ ಪೊಲೀಸರನ್ನು ಕರೆಸಿದರೆ, ತರಗತಿಯಿಂದ ಹೊರಗೆ ಕರೆಯುವ ಆ ಕ್ಷಣದಲ್ಲೇ ಅವಳು ನಿಮ್ಮ ಮೇಲಿನ ನಂಬಿಕೆ ಕಳೆದುಕೊಳ್ಳುತ್ತಾಳೆ. ಮತ್ತೊಂದು ವಿನಂತಿ: ‘ಅವಳ ಒಳ್ಳೆಯದಕ್ಕೇ’ ಎಂದು ಟಿ.ಸಿ. ಕೊಟ್ಟು ಕಳಿಸುವ ಚಾಳಿಯನ್ನು ಶಾಲೆಗಳು ಬಿಡಬೇಕು. ಶಾಲೆಯಿಂದ ದೂರ ಇರಬೇಕಾದವರು ಆರೋಪಿ.

ದೂರು ಕೊಟ್ಟರೆ ಮಗುವನ್ನು ಬಾಲಮಂದಿರಕ್ಕೆ ಹಾಕುತ್ತಾರೆ ಎಂದು ನೆರೆಯವರು ಹೆದರಿಸುತ್ತಿದ್ದಾರೆ. ಇದು ನಿಜವೇ?

ಸಾಮಾನ್ಯವಾಗಿ ಇಲ್ಲ. ಪೊಲೀಸರು ಪ್ರತಿ ಪ್ರಕರಣವನ್ನೂ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ಮತ್ತು ವಿಶೇಷ ನ್ಯಾಯಾಲಯಕ್ಕೆ ವರದಿ ಮಾಡಬೇಕು, ಅದು ಕಾಗದದ ವರದಿ. ಮಗುವನ್ನೇ ಸಮಿತಿಯ ಮುಂದೆ ಹಾಜರುಪಡಿಸಬೇಕಾದ ಸಂದರ್ಭಗಳು ಮೂರು: ಆರೋಪಿ ಮಗುವಿನ ಜತೆ ಒಂದೇ ಮನೆಯಲ್ಲಿದ್ದರೆ, ತಂದೆ ತಾಯಿಯ ಆಸರೆಯಿಲ್ಲದೆ ಮಗು ಯಾವುದಾದರೂ ಸಂಸ್ಥೆಯಲ್ಲಿದ್ದರೆ, ಅಥವಾ ಮನೆಯೂ ಇಲ್ಲ, ಹೆತ್ತವರೂ ಇಲ್ಲ ಎಂದಾದರೆ. ಆಗಲೂ ಸಮಿತಿ ಮೂರು ದಿನದೊಳಗೆ ವಿಚಾರಿಸಿ, ಮಗುವಿನ ಇಷ್ಟವನ್ನೂ ಕೇಳಿ ತೀರ್ಮಾನಿಸುತ್ತದೆ. ಆರೋಪಿ ಮನೆಯಿಂದ ಹೊರಹೋಗಿದ್ದು, ತಾಯಿಯೋ ಅಜ್ಜಿಯೋ ಗಟ್ಟಿಯಾಗಿ ನಿಂತರೆ ಮಗುವನ್ನು ಮನೆಯಿಂದ ತೆಗೆಯಲು ಕಾರಣವೇ ಇರುವುದಿಲ್ಲ. ಸಮಿತಿಯಲ್ಲಿ ಅಧ್ಯಕ್ಷರ ಜತೆ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಮಹಿಳೆ. ಅದು ಕೋರ್ಟೂ ಅಲ್ಲ, ಠಾಣೆಯೂ ಅಲ್ಲ.

ಸಮಿತಿಯ ಮುಂದೆ ನೀವು ಕೇಳಿ ಪಡೆಯಬೇಕಾದ್ದು ಎರಡಿದೆ. ಹೆಚ್ಚಿನ ಮನೆಯವರಿಗೆ ಇದು ಗೊತ್ತೇ ಇರುವುದಿಲ್ಲ. ಒಂದು, ಬೆಂಬಲ ವ್ಯಕ್ತಿ, ಅಂದರೆ ಸಪೋರ್ಟ್ ಪರ್ಸನ್. ಮಗು ಮತ್ತು ಪೋಷಕರ ಒಪ್ಪಿಗೆಯ ಮೇಲೆ ಸಮಿತಿ ಇವರನ್ನು ನೇಮಿಸುತ್ತದೆ. ತನಿಖೆಯಿಂದ ತೀರ್ಪಿನವರೆಗೆ ಜತೆಗಿದ್ದು, ಯಾವ ದಿನ ಏನಾಗುತ್ತದೆ ಎಂದು ತಿಳಿಸುವುದು, ಆರೋಪಿಗೆ ಜಾಮೀನು ಸಿಕ್ಕರೆ ಸುದ್ದಿ ಮುಟ್ಟಿಸುವುದು, ಚಿಕಿತ್ಸೆಗೂ ಶಾಲೆಗೂ ದಾರಿ ಮಾಡಿಕೊಡುವುದು ಅವರ ಕೆಲಸ. ಮಗುವಿನ ಆರೋಗ್ಯ, ಮನಸ್ಸು, ಮನೆಯ ಸ್ಥಿತಿ ಹೇಗಿದೆ ಎಂದು ವಿಚಾರಣೆ ಮುಗಿಯುವವರೆಗೂ ಸಮಿತಿ ಅವರಿಂದ ತಿಂಗಳಿಗೊಂದು ವರದಿ ಪಡೆಯಬೇಕು. ಇದು 2020ರ ಪೋಕ್ಸೊ ನಿಯಮಗಳಲ್ಲಿದೆ. ಹೊಂದಿಕೆಯಾಗದಿದ್ದರೆ ಅವರನ್ನು ಬಿಡಿಸುವಂತೆಯೂ ಕೇಳಬಹುದು.

ಇನ್ನೊಂದು ವಿಶೇಷ ಪರಿಹಾರ. ಊಟ, ಬಟ್ಟೆ, ಓಡಾಟದಂಥ ತುರ್ತು ಖರ್ಚಿಗೆ ಸಮಿತಿ ಶಿಫಾರಸು ಮಾಡಿದರೆ ಒಂದು ವಾರದೊಳಗೆ ಹಣ ಕೊಡಬೇಕು. ಕೋರ್ಟಿನಿಂದ ಸಿಗುವ ಪರಿಹಾರ ಇದರಿಂದ ಬೇರೆ. ಅದರಲ್ಲೂ ಮಧ್ಯಂತರ ಪರಿಹಾರವನ್ನು ಎಫ್‌ಐಆರ್ ಆದ ನಂತರ ಯಾವ ಹಂತದಲ್ಲಾದರೂ ಕೇಳಬಹುದು, ತೀರ್ಪಿಗೆ ಕಾಯಬೇಕಿಲ್ಲ. ಕೂಲಿ ಮಾಡುವ ಮನೆಯಲ್ಲಿ ಒಂದೊಂದು ವಾಯಿದೆಗೂ ಇಬ್ಬರ ದಿನಗೂಲಿ ಹೋಗುತ್ತದೆ, ಮೇಲೆ ಬಸ್ ಚಾರ್ಜು. ಕೈಯಲ್ಲಿ ಕಾಸಿಲ್ಲದ್ದಕ್ಕೇ ಪ್ರಕರಣ ಕೈಬಿಡುವ ಮನೆಗಳಿವೆ. ಅರ್ಜಿ ಬರೆಯಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ.

ವೈದ್ಯರು ವರದಿಯಲ್ಲಿ ‘ಗಾಯಗಳಿಲ್ಲ’ ಎಂದು ಬರೆದಿದ್ದಾರೆ. ಹಾಗಾದರೆ ಮಗು ಹೇಳಿದ್ದು ಸುಳ್ಳೇ?

ಅಲ್ಲ. ದೌರ್ಜನ್ಯಕ್ಕೊಳಗಾದ ಬಹುಪಾಲು ಮಕ್ಕಳ ದೈಹಿಕ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ. ಮುಟ್ಟಿದ್ದಕ್ಕೆ ಗಾಯವಾಗುವುದಿಲ್ಲ, ಆದ ಸಣ್ಣ ಗಾಯ ಕೆಲವೇ ದಿನಗಳಲ್ಲಿ ಮಾಯುತ್ತದೆ, ಮಕ್ಕಳು ಹೇಳುವುದೇ ವಾರ, ತಿಂಗಳು ಕಳೆದ ಮೇಲೆ. ಗಾಯವಿಲ್ಲ ಎಂದರೆ ಘಟನೆ ನಡೆದಿಲ್ಲ ಎಂದಲ್ಲ.

ಇದೇ ಸ್ಥಿತಿಯಲ್ಲಿರುವ ಬೇರೆಯವರಿಗಾಗಿ ಒಂದೆರಡು ಮಾತು. ಘಟನೆ ಇತ್ತೀಚಿನದಾದರೆ ಗಂಟೆಗಳನ್ನು ಲೆಕ್ಕ ಹಾಕಿ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ಬಿಡದೆ ನಡೆಯಬೇಕು. ಮೈನೆರೆದ ಹುಡುಗಿಯರಿಗೆ ಗರ್ಭ ತಡೆಯುವ ತುರ್ತು ಮಾತ್ರೆಯೂ 72 ಗಂಟೆಯೊಳಗಾದರೆ ಒಳ್ಳೆಯದು, ಐದು ದಿನದವರೆಗೂ ಕೊಡುತ್ತಾರೆ. ಸಾಕ್ಷ್ಯ ಸಂಗ್ರಹಕ್ಕೆ 96 ಗಂಟೆಯವರೆಗೆ ಅವಕಾಶವಿದೆ. ಆ ದಿನದ ಬಟ್ಟೆ ಒಗೆಯಬೇಡಿ, ಕಾಗದದಲ್ಲಿ ಸುತ್ತಿ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ಕಟ್ಟಿ ಬೂಷ್ಟು ಹಿಡಿಯುತ್ತದೆ. ಸ್ನಾನ ಆಗಿಹೋಗಿದ್ದರೂ ಆಸ್ಪತ್ರೆಗೆ ಹೋಗಿ. ಚಿಕಿತ್ಸೆ ಕೊಡಲು ಎಫ್‌ಐಆರ್ ಪ್ರತಿ, ಪೊಲೀಸ್ ಪತ್ರ ಕೇಳುವಂತಿಲ್ಲ, ಖಾಸಗಿ ಆಸ್ಪತ್ರೆಯೂ ಕೇಳುವಂತಿಲ್ಲ. ಹುಡುಗಿಯನ್ನು ಪರೀಕ್ಷಿಸುವವರು ಮಹಿಳಾ ವೈದ್ಯರೇ ಆಗಿರಬೇಕು. ತಾಯಿಯೋ ಮಗು ನಂಬುವ ಇನ್ನೊಬ್ಬರೋ ಪಕ್ಕದಲ್ಲಿರಬೇಕು. ಮಗು ಪರೀಕ್ಷೆ ಬೇಡ ಅಂದರೂ ಚಿಕಿತ್ಸೆ ನಿರಾಕರಿಸುವಂತಿಲ್ಲ. ಹೊರಡುವ ಮುಂಚೆ ಮುಂದಿನ ರಕ್ತ ಪರೀಕ್ಷೆಯ ದಿನಾಂಕಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಹೆಚ್ಚಿನವರಿಗೆ ತಪ್ಪಿಹೋಗುವುದು ಅದೇ.

ಮಗಳನ್ನು ನಾಲ್ಕು ವಾರದಿಂದ ಆಪ್ತ ಸಮಾಲೋಚನೆಗೆ ಕರೆದೊಯ್ಯುತ್ತಿದ್ದೇನೆ. ಅಲ್ಲಿ ಚಿತ್ರ ಬರೆಸುತ್ತಾರೆ, ಆಟ ಆಡಿಸುತ್ತಾರೆ, ನಡೆದದ್ದರ ಬಗ್ಗೆ ಕೇಳುವುದೇ ಇಲ್ಲ. ಬಸ್ಸಿಗೆ ಎರಡು ತಾಸು ಹೋಗಿ ಬರುವುದು ಇದಕ್ಕೇ ಏನು? ವಕೀಲರೊಬ್ಬರು ಕೇಸು ಮುಗಿಯುವ ತನಕ ಇದೆಲ್ಲ ನಿಲ್ಲಿಸಿ ಅಂದರು.

ನಿಲ್ಲಿಸಬೇಡಿ. ನೀವು ಹೇಳಿದ್ದನ್ನು ನೋಡಿದರೆ ಕೆಲಸ ಸರಿಯಾದ ಕ್ರಮದಲ್ಲೇ ನಡೆದಂತಿದೆ.

ಈ ಮಕ್ಕಳಿಗೆ ಚೆನ್ನಾಗಿ ಪರೀಕ್ಷೆಗೊಳಗಾದ ವಿಧಾನವೆಂದರೆ ಟಿಎಫ್-ಸಿಬಿಟಿ, ಅಂದರೆ ಆಘಾತವನ್ನೇ ಗುರಿಯಾಗಿಟ್ಟುಕೊಂಡ ಮಾತಿನ ಚಿಕಿತ್ಸೆ. ಸಾಮಾನ್ಯವಾಗಿ 12ರಿಂದ 16 ಭೇಟಿ, ಪ್ರತಿ ಭೇಟಿ ಒಂದರಿಂದ ಒಂದೂವರೆ ಗಂಟೆ, ಅದರಲ್ಲಿ ಸರಿಸುಮಾರು ಅರ್ಧ ಮಗುವಿಗೆ, ಅರ್ಧ ತಾಯಿಗೆ ಅಥವಾ ನೋಡಿಕೊಳ್ಳುವವರಿಗೆ. ಮೊದಲ ಕೆಲವು ಭೇಟಿಯಲ್ಲಿ ಘಟನೆಯನ್ನು ವಿವರವಾಗಿ ಹೇಳಿಸುವುದಿಲ್ಲ. ಮಗುವಿಗೆ ಮೊದಲು ಮೈ ಹತೋಟಿಗೆ ಬರಬೇಕು. ಮಗುವನ್ನು ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ಸಣ್ಣ ಗೊಂಬೆ ಇಡುತ್ತಾರೆ, ಉಸಿರು ತೆಗೆದುಕೊಂಡಾಗ ಗೊಂಬೆ ಏಳಬೇಕು, ಬಿಟ್ಟಾಗ ಇಳಿಯಬೇಕು. ಅದು ನಿಮ್ಮ ಕಣ್ಣಿಗೆ ಆಟ. ರಾತ್ರಿ ಬೆಚ್ಚಿಬಿದ್ದಾಗ ಮಗು ತಾನಾಗಿ ಮಾಡಿಕೊಳ್ಳಬಲ್ಲ ಮದ್ದು ಅದೇ. ದೊಡ್ಡ ಹಾಳೆಯ ಮೇಲೆ ಮಲಗಿಸಿ ಮೈಯ ಸುತ್ತ ಗೆರೆ ಎಳೆದು, ಹೆದರಿಕೆ ಎಲ್ಲಿ ಕೂತಿದೆ, ಸಿಟ್ಟು ಎಲ್ಲಿ ಕೂತಿದೆ, ಬಣ್ಣ ಹಚ್ಚು ಅನ್ನುತ್ತಾರೆ. ಒಂದು ಮಗು ಗಂಟಲಿಗೆ ಕಪ್ಪು ಹಚ್ಚುತ್ತದೆ, ಇನ್ನೊಂದು ಎರಡೂ ಅಂಗೈಗೆ ಕೆಂಪು. ಸೊನ್ನೆಯಿಂದ ಹತ್ತರ ಏಣಿ ಬರೆದು ‘ಇವತ್ತು ಹೆದರಿಕೆ ಎಷ್ಟನೇ ಮೆಟ್ಟಿಲು’ ಎಂದು ಕೇಳುತ್ತಾರೆ. ಭಾವನೆಗೆ ಹೆಸರಿಡಲು, ಅಳತೆ ಹೇಳಲು ಬಂದ ಮೇಲಷ್ಟೇ ಕಥೆಯ ಸರದಿ.

ಆ ಕಥೆಯೂ ಒಮ್ಮೆಲೇ ಅಲ್ಲ. ಮಗು ಒಂದು ಪುಟ್ಟ ಪುಸ್ತಕ ಮಾಡುತ್ತದೆ. ಮೊದಲ ಅಧ್ಯಾಯ ‘ನಾನು ಯಾರು’, ಬಳಿಕ ಕಡಿಮೆ ಹೆದರಿಕೆಯ ಸಂಗತಿ, ಕೊನೆಗೆ ಅತಿ ಹೆದರಿಕೆಯದು. ಬರೆದದ್ದನ್ನು ಮತ್ತೆ ಮತ್ತೆ ಓದುತ್ತ ಹೋದಂತೆ ಏಣಿಯ ಅಂಕಿ ಎಂಟರಿಂದ ಆರಕ್ಕೆ, ಮೂರಕ್ಕೆ ಇಳಿಯುತ್ತದೆ. ಅಲ್ಲಲ್ಲಿ ಅಡಗಿದ ತಪ್ಪು ಲೆಕ್ಕಗಳು ಈಚೆ ಬರುತ್ತವೆ: ‘ನಾನು ಚಾಕೊಲೇಟ್ ತಗೊಂಡಿದ್ದಕ್ಕೇ ಹೀಗಾಯ್ತು’, ‘ಕೂಗಲಿಲ್ಲ, ಅದಕ್ಕೆ ನನ್ನದೂ ತಪ್ಪು’. ಅವನ್ನು ಒಂದೊಂದಾಗಿ ಬಿಡಿಸುವುದೇ ಚಿಕಿತ್ಸೆಯ ಮುಖ್ಯ ಭಾಗ. ನೀವು ಅಳದೆ ಕೇಳುವ ಸ್ಥಿತಿಗೆ ಬಂದ ಮೇಲೆ ಮಗು ಆ ಪುಸ್ತಕವನ್ನು ನಿಮಗೆ ಓದಿ ಹೇಳುತ್ತದೆ. ನಿಮ್ಮ ಪಾಲಿನ ಅರ್ಧ ಗಂಟೆ ಇರುವುದು ಅದಕ್ಕಾಗಿ. ತಾಯಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಮಗುವನ್ನಷ್ಟೇ ಒಳಗೆ ಕರೆಯುವ ಕಡೆ ನೀವೇ ಕೇಳಿ, ‘ನನಗೂ ಸಮಯ ಕೊಡಿ’ ಎಂದು.

ಕೆಲಸ ಕೆಡುವುದು ಹೀಗೆ: ಮೊದಲ ಭೇಟಿಯಲ್ಲೇ ‘ಏನಾಯ್ತು ಹೇಳು ಪುಟ್ಟಿ’ ಎಂದು ಕೆದಕುವುದು. ‘ಎಲ್ಲ ಮರೆತುಬಿಡು’ ಎನ್ನುವುದು. ಐದನೇ ವಾರ ನಿದ್ದೆ ಸುಧಾರಿಸಿತು ಎಂದು ಮನೆಯವರು ಬರುವುದನ್ನು ಬಿಡುವುದು. ಕಥೆಯ ಭಾಗ ಶುರುವಾದಾಗ ಕೆಲವು ದಿನ ಹಟ, ಹಾಸಿಗೆ ಒದ್ದೆ, ಕೆಟ್ಟ ಕನಸು ಹೆಚ್ಚಬಹುದು. ‘ಇದರಿಂದಲೇ ಹಾಳಾಯಿತು’ ಎಂದು ಅಲ್ಲಿಗೆ ನಿಲ್ಲಿಸಿದರೆ ಮಗು ನಡುದಾರಿಯಲ್ಲಿ ಉಳಿಯುತ್ತದೆ.

ವಕೀಲರ ಮಾತಿಗೆ ಬರುತ್ತೇವೆ. ಚಿಕಿತ್ಸೆಯಿಂದ ಸಾಕ್ಷ್ಯ ಕಲುಷಿತವಾಯಿತು ಎಂಬ ವಾದ ಬರಬಹುದು, ಆ ಆತಂಕ ಸುಳ್ಳಲ್ಲ. ಆದರೆ ಸಣ್ಣ ಮಗುವನ್ನು ಒಂದೆರಡು ವರ್ಷ ನಿದ್ದೆಯಿಲ್ಲದೆ ಇಟ್ಟರೆ ಅದು ಕೋರ್ಟಿನಲ್ಲಿ ಬಾಯಿ ಬಿಡುವುದೂ ಕಷ್ಟ. ಒಳ್ಳೆಯ ಚಿಕಿತ್ಸಕರು ಉತ್ತರ ತುಂಬಿದ ಪ್ರಶ್ನೆ ಕೇಳುವುದಿಲ್ಲ, ಪ್ರತಿ ಭೇಟಿಯಲ್ಲಿ ತಾವು ಕೇಳಿದ್ದನ್ನೂ ಮಗು ಹೇಳಿದ್ದನ್ನೂ ದಿನಾಂಕ ಹಾಕಿ ಬರೆದಿಡುತ್ತಾರೆ. ಸಾಕ್ಷಿ ನುಡಿಯುವ ದಿನ ಹತ್ತಿರವಿದ್ದರೆ ಕಥೆಯ ಭಾಗವನ್ನು ಅದರ ನಂತರಕ್ಕೆ ಇಟ್ಟುಕೊಂಡು, ನಿದ್ದೆ, ಹೆದರಿಕೆ, ಶಾಲೆಯ ಕೆಲಸವನ್ನು ಈಗಲೇ ಮುಂದುವರಿಸಬಹುದು. ಸಾಯುವ ಮಾತು ಆಡಿದರೆ, ಮೈಗೆ ಗಾಯ ಮಾಡಿಕೊಂಡರೆ, ಊಟ ಪೂರ್ತಿ ಬಿಟ್ಟರೆ ಮುಂದಿನ ವಾರಕ್ಕೆ ಕಾಯದೆ ಅವತ್ತೇ ಮನೋವೈದ್ಯರ ಹತ್ತಿರ ಹೋಗಿ. ನಿಮ್ಮ ಊರಲ್ಲಿ ಸೌಲಭ್ಯವಿಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್ ಮಕ್ಕಳ ವಿಭಾಗ, ಧಾರವಾಡದ ಡಿಮ್ಹಾನ್ಸ್ ಇವೆ.

ಮನೆಯಲ್ಲಿ ನೀವು ಮಾಡಬಹುದಾದ್ದು: ಏಳುವ, ಉಣ್ಣುವ, ಮಲಗುವ ಹೊತ್ತು ದಿನವೂ ಒಂದೇ ಇರಲಿ. ಸಣ್ಣ ದೀಪ ಹಾಕಿ ಮಲಗಿಸಿ. ಹಾಸಿಗೆ ಒದ್ದೆಯಾದರೆ ಬೈಯದೆ, ಯಾರಿಗೂ ಹೇಳದೆ ಬಟ್ಟೆ ಬದಲಿಸಿ. ಪಾಪ ಎಂದು ಕೇಳಿದ್ದೆಲ್ಲ ಕೊಡಿಸುವುದೂ ಬೇಡ, ಮೊದಲಿದ್ದ ನಿಯಮಗಳೇ ಇರಲಿ. ಮುದ್ದು ಮಾಡುವ ಮೊದಲು ‘ಅಪ್ಪಿಕೊಳ್ಳಲಾ?’ ಎಂದು ಕೇಳಿ. ಅಜ್ಜ ಅಜ್ಜಿಗೂ ಇದನ್ನೇ ಹೇಳಿ.

ಹದಿಮೂರು ವರ್ಷದ ಮಗನಿಗೆ ಹೀಗಾಗಿದೆ. ಗಂಡು ಹುಡುಗರಿಗೂ ಈ ಕಾನೂನು ಅನ್ವಯಿಸುತ್ತದೆಯೇ? ಅವನು ಯಾರ ಹತ್ತಿರವೂ ಮಾತಾಡುತ್ತಿಲ್ಲ.

ಅನ್ವಯಿಸುತ್ತದೆ. 18 ತುಂಬದ ಹುಡುಗ, ಹುಡುಗಿ ಎಲ್ಲರೂ ಪೋಕ್ಸೊ ಪ್ರಕಾರ ಮಕ್ಕಳೇ. ಈ ವಯಸ್ಸಿನ ಹುಡುಗರ ಬಾಯಿ ಕಟ್ಟುವುದು ಎರಡು ಹೆದರಿಕೆ. ‘ನಾನು ಗಂಡಸೇ ಅಲ್ಲವೇನೋ’ ಎಂಬುದೊಂದು. ‘ನನ್ನ ಮೈ ಸ್ಪಂದಿಸಿತು, ಅಂದರೆ ನನಗೂ ಬೇಕಿತ್ತೇನೋ’ ಎಂಬುದು ಇನ್ನೊಂದು. ಮುಟ್ಟಿದರೆ ಮೈ ತಾನಾಗಿ ಸ್ಪಂದಿಸುತ್ತದೆ, ಅದು ಒಪ್ಪಿಗೆಯಲ್ಲ ಎಂದು ಅವನಿಗೆ ಯಾರಾದರೂ ಸ್ಪಷ್ಟವಾಗಿ ಹೇಳಬೇಕು. ಅಪ್ಪ ಹೇಳಿದರೆ ಇನ್ನೂ ಒಳ್ಳೆಯದು. ಎದುರಾಬದುರು ಕೂರಿಸಿ ಕೇಳಬೇಡಿ. ಬೈಕಿನಲ್ಲಿ ಹೋಗುವಾಗ, ಗದ್ದೆಯಲ್ಲಿ ಕೆಲಸ ಮಾಡುವಾಗ, ಮುಖ ನೋಡದೆ ಒಂದೇ ಸಲ ಹೇಳಿ ಬಿಡಿ. ಉತ್ತರ ಅವತ್ತೇ ಬರಬೇಕೆಂದಿಲ್ಲ. ‘ಗಂಡು ಹುಡುಗ ಅಳಬಾರದು’ ಎಂಬ ಮಾತು ಆ ಮನೆಯಲ್ಲಿ ಸದ್ಯಕ್ಕೆ ಯಾರ ಬಾಯಲ್ಲೂ ಬರದಿರಲಿ.

ಕೇಸು ಹಾಕಿ ಏಳು ತಿಂಗಳಾಯಿತು. ಮಗಳು ಈಗ ‘ನಾನು ಸುಳ್ಳು ಹೇಳಿದ್ದೆ’ ಅನ್ನುತ್ತಿದ್ದಾಳೆ. ಮುಂದಿನ ತಿಂಗಳು ಸಾಕ್ಷಿ ಹೇಳಬೇಕು. ಊರ ಹಿರಿಯರು ರಾಜಿ ಮಾಡಿಸುತ್ತೇವೆ ಎನ್ನುತ್ತಿದ್ದಾರೆ.

ಅವಳನ್ನು ಗದರಿಸುವ ಮೊದಲು ಹಿಂದಿನ ಎರಡು ವಾರದಲ್ಲಿ ಮನೆಯಲ್ಲಿ ಏನು ಬದಲಾಯಿತು ನೋಡಿ. ಆರೋಪಿ ಜಾಮೀನಿನ ಮೇಲೆ ಬಂದನೇ? ಅಜ್ಜಿ ಮಾತು ಬಿಟ್ಟಳೇ? ಅವನ ದುಡಿಮೆ ನಿಂತು ಮನೆಗೆ ರೇಷನ್ನಿನ ತೊಂದರೆ ಆಯಿತೇ? ‘ನಿನ್ನಿಂದ ಹೀಗಾಯ್ತು’ ಎಂದು ಯಾರಾದರೂ ಅಂದರೇ? ಮಕ್ಕಳು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಈ ಕ್ಷೇತ್ರದಲ್ಲಿ ಹಳೆಯ ಅನುಭವ, 1983ರಲ್ಲೇ ಅಮೆರಿಕದ ಮನೋವೈದ್ಯ ರೋಲಂಡ್ ಸಮಿಟ್ ಇದನ್ನು ವಿವರಿಸಿ ಬರೆದಿದ್ದಾರೆ. ಮನೆ ಒಡೆಯುತ್ತಿದೆ ಎಂದು ಕಂಡಾಗ ಅದನ್ನು ಕೂಡಿಸಲು ಮಗುವಿನ ಕೈಯಲ್ಲಿರುವ ಒಂದೇ ಉಪಾಯ ‘ಸುಳ್ಳು’ ಎನ್ನುವುದು. ಹಾಗೆಂದು ನಿಜ ಹೇಳು ಎಂದು ಒತ್ತಾಯಿಸಲೂಬಾರದು. ‘ನೀನು ಏನು ಹೇಳಿದರೂ ನಿನ್ನ ಜತೆ ಇರ್ತೀನಿ’ ಅನ್ನಿ. ಬೆಂಬಲ ವ್ಯಕ್ತಿಗೂ ಸರ್ಕಾರಿ ಅಭಿಯೋಜಕರಿಗೂ ತಕ್ಷಣ ತಿಳಿಸಿ, ಒತ್ತಡ ಹಾಕಿದವರ ವಿವರ ಕೊಡಿ. ಸುಳ್ಳು ಮಾಹಿತಿ ಎಂದು ಮಗುವಿಗೆ ಶಿಕ್ಷೆಯಾಗುವುದಿಲ್ಲ, 22ನೇ ಸೆಕ್ಷನ್ನಿನಲ್ಲಿ ಅದು ಸ್ಪಷ್ಟವಿದೆ. ಕೆಲವರು ಇದನ್ನೇ ಹೇಳಿ ಹೆದರಿಸುತ್ತಾರೆ. ಊರ ಹಿರಿಯರು ಕೂತು ಮುಗಿಸುವ ಪ್ರಕರಣ ಇದಲ್ಲ, ಹಾಗೆ ಮುಗಿಸುವ ಅಧಿಕಾರ ಅವರಿಗಿಲ್ಲ.

ಸಾಕ್ಷಿಯ ದಿನದ ತಯಾರಿ ಬೇರೆ ಬಗೆಯದು. ಕೆಲವು ದಿನ ಮೊದಲು ಖಾಲಿ ಕೋರ್ಟ್ ಹಾಲ್ ತೋರಿಸಿ ತರಲು ಬೆಂಬಲ ವ್ಯಕ್ತಿಗೆ ಹೇಳಿ: ಜಡ್ಜ್ ಎಲ್ಲಿ ಕೂರುತ್ತಾರೆ, ತಾನೆಲ್ಲಿ ಕೂರಬೇಕು, ಶೌಚಾಲಯ ಎಲ್ಲಿದೆ. ವಿಚಾರಣೆ ಬಾಗಿಲು ಮುಚ್ಚಿಯೇ ನಡೆಯುತ್ತದೆ. ಆರೋಪಿಯ ಮುಖ ಮಗುವಿಗೆ ಕಾಣದಂತೆ ಪರದೆಯೋ ವಿಡಿಯೊ ಸಂಪರ್ಕವೋ ಇರಬೇಕು. ಪಾಟೀ ಸವಾಲಿನ ಪ್ರಶ್ನೆಗಳನ್ನು ವಕೀಲರು ನ್ಯಾಯಾಧೀಶರಿಗೆ ಕೊಡಬೇಕು, ಮಗುವಿಗೆ ಕೇಳುವವರು ನ್ಯಾಯಾಧೀಶರು. ದಣಿದರೆ ಬಿಡುವು ಕೇಳಬಹುದು. ಮನೆಯಲ್ಲಿ ಹೇಳಿಕೆಯನ್ನು ಬಾಯಿಪಾಠ ಮಾಡಿಸಬೇಡಿ. ಅಭ್ಯಾಸ ಮಾಡಿಸುವುದಾದರೆ ನಿನ್ನೆಯ ಊಟದ ಬಗ್ಗೆಯೋ ಶಾಲೆಯ ಬಗ್ಗೆಯೋ ಪ್ರಶ್ನೆ ಕೇಳಿ ಮೂರು ಉತ್ತರ ಕಲಿಸಿ: ‘ಗೊತ್ತಿಲ್ಲ’, ‘ನೆನಪಿಲ್ಲ’, ‘ಪ್ರಶ್ನೆ ಅರ್ಥ ಆಗಲಿಲ್ಲ’. ಇವನ್ನು ಹೇಳಬಹುದು ಎಂದು ಗೊತ್ತಿಲ್ಲದ ಮಗು ಊಹೆ ಮಾಡಿ ಉತ್ತರಿಸುತ್ತದೆ, ಎದುರು ವಕೀಲರು ಹಿಡಿಯುವುದು ಅದನ್ನೇ. ನೀರು, ತಿಂಡಿ, ಇಷ್ಟದ ಒಂದು ವಸ್ತು ಜತೆಗಿರಲಿ. ಹೊರಗೆ ಬಂದ ಮೇಲೆ ‘ಚೆನ್ನಾಗಿ ಹೇಳಿದ್ಯಾ?’ ಎಂದು ಕೇಳದೆ ಊಟ ಮಾಡಿಸಿ. ಪ್ರಕರಣವನ್ನು ನ್ಯಾಯಾಲಯ ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ, ಸಾಧ್ಯವಾದಷ್ಟು ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕೆಂದು 35ನೇ ಸೆಕ್ಷನ್ ಹೇಳುತ್ತದೆ. ಎಷ್ಟೋ ಕಡೆ ಅದಕ್ಕಿಂತ ತಡವಾಗುತ್ತದೆ, ಮನಸ್ಸನ್ನು ಅದಕ್ಕೂ ಸಿದ್ಧಮಾಡಿಕೊಳ್ಳಿ.

ಗಂಡ ಕುಡಿದು ಬಂದು ಹತ್ತು ವರ್ಷದ ಮಗನಿಗೆ ಬೆಲ್ಟಿನಿಂದ ಹೊಡೆಯುತ್ತಾರೆ. ಮರುದಿನ ಅಳುತ್ತಾರೆ. ಪೊಲೀಸರಿಗೆ ಹೇಳಲು ಮನಸ್ಸಿಲ್ಲ.

ಬಾಸುಂಡೆ ಬರುವ ಹೊಡೆತ ಬುದ್ಧಿ ಕಲಿಸುವ ಹೊಡೆತವಲ್ಲ. ಮಗುವನ್ನು ತನ್ನ ಸುಪರ್ದಿನಲ್ಲಿಟ್ಟುಕೊಂಡು ಹಿಂಸಿಸಿದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ನಿನಡಿ ಮೂರು ವರ್ಷದವರೆಗೆ ಜೈಲಾಗಬಹುದು. ಠಾಣೆಗೆ ಹೋಗಲು ಮನಸ್ಸು ಬಾರದಿದ್ದರೆ 1098ಕ್ಕೆ ಕರೆ ಮಾಡಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಮಾಜ ಕಾರ್ಯಕರ್ತರು ಮನೆಗೆ ಬಂದು ಮಾತಾಡುತ್ತಾರೆ. ಕುಡಿತಕ್ಕೆ ಚಿಕಿತ್ಸೆ ಕೊಡಿಸುವುದೂ ಆ ಕೆಲಸದ ಭಾಗವೇ. ಆದರೆ ಅವರು ಕುಡಿತ ಬಿಡುವ ತನಕ ಮಗ ಕಾಯುವಂತಿಲ್ಲ. ಇವತ್ತೇ ಮಗನ ಜತೆ ಕೂತು ತೀರ್ಮಾನಿಸಿ: ಅಪ್ಪ ಕುಡಿದು ಬಂದ ಸದ್ದು ಕೇಳಿದರೆ ಯಾವ ಬಾಗಿಲಿಂದ ಹೊರಡಬೇಕು, ಯಾರ ಮನೆಗೆ, ಅವರಿಗೆ ಮೊದಲೇ ಹೇಳಿಟ್ಟಿದೆಯೇ, ರಾತ್ರಿಯಾದರೆ 112ಕ್ಕೆ ಏನೆಂದು ಹೇಳಬೇಕು. ಅಮ್ಮನನ್ನು ಬಿಡಿಸಲು ನಡುವೆ ಬರಬಾರದು ಎಂದೂ ಹೇಳಿ. ತಲೆಗೆ, ಹೊಟ್ಟೆಗೆ ಪೆಟ್ಟು ಬಿದ್ದಿದ್ದರೆ, ವಾಂತಿ ಇಲ್ಲವೇ ಮಂಪರು ಇದ್ದರೆ ತಡಮಾಡದೆ ಆಸ್ಪತ್ರೆಗೆ. ನಿಮ್ಮ ಮೇಲೂ ಕೈ ಮಾಡುತ್ತಾರೆಂದರೆ ಜಿಲ್ಲೆಯ ಸಖಿ ಒನ್ ಸ್ಟಾಪ್ ಕೇಂದ್ರದಲ್ಲಿ ತಾತ್ಕಾಲಿಕ ಆಸರೆ ಮತ್ತು ಕಾನೂನು ನೆರವು ಎರಡೂ ಸಿಗುತ್ತವೆ, ಮಗನನ್ನೂ ಕರೆದುಕೊಂಡು ಹೋಗಬಹುದು.

ನಾನು ಇತ್ತೀಚೆಗೆ ಎಂ.ಎಸ್.ಡಬ್ಲ್ಯು. (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಬೆಂಬಲ ವ್ಯಕ್ತಿಯಾಗಿ ಸೇರಿದ್ದೇನೆ. ಮನೆ ಭೇಟಿಯ ವರದಿಯಲ್ಲಿ ಏನು ಬರೆಯಬೇಕು, ಏನು ಬಿಡಬೇಕು?

ಮನೆಗೆ ಹೋಗುವ ರೀತಿಯಿಂದಲೇ ಶುರುಮಾಡಿ. ಇಲಾಖೆಯ ಫಲಕ ಹೊತ್ತ ಜೀಪಿನಲ್ಲಿ ಹೋಗಿ ಮನೆ ಮುಂದೆ ಇಳಿದರೆ ಬೀದಿಗೆಲ್ಲ ಸುದ್ದಿ. ಹೆಸರು ಹೇಳಿ ದಾರಿ ಕೇಳುವುದೂ ಹಾಗೆಯೇ. ತಾಯಿಗೆ ಫೋನ್ ಮಾಡಿ, ನೆರೆಯವರು ಕೇಳಿದರೆ ಯಾರು ಬಂದಿದ್ದರು ಎಂದು ಹೇಳಬೇಕೆಂದು ಮೊದಲೇ ಮಾತಾಡಿಕೊಳ್ಳಿ.

ವರದಿಯಲ್ಲಿ ಕಂಡದ್ದು, ಕೇಳಿದ್ದು, ನಿಮಗನ್ನಿಸಿದ್ದು ಮೂರೂ ಬೇರೆ ಬೇರೆ ಇರಲಿ. ‘ಮಗು ಖಿನ್ನವಾಗಿದೆ’ ಎನ್ನುವ ಬದಲು ‘ಒಂದು ಗಂಟೆಯ ಭೇಟಿಯಲ್ಲಿ ಮಗು ತಾಯಿಯ ಸೆರಗು ಬಿಡಲಿಲ್ಲ, ಬಾಗಿಲು ಸದ್ದಾದಾಗಲೆಲ್ಲ ತಿರುಗಿ ನೋಡಿತು, ವಾರದಲ್ಲಿ ಎರಡು ದಿನ ಶಾಲೆಗೆ ಹೋಗಿದೆ ಎಂದು ತಾಯಿ ಹೇಳಿದರು’ ಎಂದು ಬರೆಯಿರಿ. ನಿದ್ದೆ, ಊಟ, ಶಾಲೆಯ ಹಾಜರಿ, ಆರೋಪಿಯ ಕಡೆಯವರ ಸಂಪರ್ಕ, ತಾಯಿಯ ಆರೋಗ್ಯ, ಮನೆಯ ಆದಾಯ, ಒಡಹುಟ್ಟಿದವರ ಸ್ಥಿತಿ, ಈ ಏಳು ವಿಷಯ ಪ್ರತಿ ತಿಂಗಳೂ ಬರಲಿ. ಆಗ ಮೂರನೇ ತಿಂಗಳ ವರದಿಯನ್ನು ಮೊದಲನೆಯದರ ಪಕ್ಕ ಇಟ್ಟು ನೋಡಿದರೆ ದಿಕ್ಕು ತಿಳಿಯುತ್ತದೆ. ಒಡಹುಟ್ಟಿದವರನ್ನು ಎಲ್ಲರೂ ಮರೆಯುತ್ತಾರೆ. ಅದೇ ಮನೆಯ ತಂಗಿಗೂ ತೊಂದರೆಯಾಗಿರಬಹುದು, ಇಲ್ಲವೇ ಎಲ್ಲರ ಗಮನ ಅಕ್ಕನ ಮೇಲಿದೆ ಎಂದು ಅಣ್ಣ ಶಾಲೆ ಬಿಟ್ಟಿರಬಹುದು. ಘಟನೆಯ ವಿವರ ನಿಮ್ಮ ವರದಿಗೆ ಬೇಕಿಲ್ಲ, ಅದು ಹೇಳಿಕೆಯಲ್ಲಿದೆ. ಮತ್ತೆ ಕೇಳಲೂಬೇಡಿ. ಮಗು ತಾನಾಗಿ ಹೊಸದೇನಾದರೂ ಹೇಳಿದರೆ ಅದರ ಮಾತಿನಲ್ಲೇ ಬರೆದು ಅವತ್ತೇ ತನಿಖಾಧಿಕಾರಿಗೆ ಮುಟ್ಟಿಸಿ.

ಕಡತ ಬೀಗ ಹಾಕಿದ ಕಪಾಟಿನಲ್ಲಿರಲಿ. ನಿಮ್ಮ ಫೋನಿನಲ್ಲಿ ಮಗುವಿನ ನಂಬರನ್ನು ಹೆಸರಿನ ಬದಲು ಕಡತ ಸಂಖ್ಯೆಯಿಂದ ಉಳಿಸಿಕೊಳ್ಳಿ. ಕೆಲಸ ಬಿಡುವುದಾದರೆ ಮುಂದೆ ಬರುವವರನ್ನು ಒಮ್ಮೆಯಾದರೂ ಜತೆಗೆ ಕರೆದೊಯ್ದು ಮಗುವಿಗೆ ಪರಿಚಯ ಮಾಡಿಸಿ ಹೋಗಿ. ಹೇಳದೆ ಕೇಳದೆ ಬರುವುದನ್ನು ನಿಲ್ಲಿಸಬೇಡಿ.